ಆ ಬಿಳಿ ಹಕ್ಕಿಯನ್ನು ನಾನು ನಂಬಲಿಲ್ಲ

ದ್ವಾರಕಾ

ನಮ್ಮ ಮಗಳು ನಿಧಿ ಎರಡು ವರ್ಷದಲ್ಲಿ ಮೂರನೆಯ ಸಲ ಬಾಲಿಗೆ ಹೊರಟಾಗ ನಾನೂ ಬರುತ್ತೇನೆ ಎಂದೆ. ಸಮುದ್ರ ನೋಡುವ ಆಸೆಯಿಂದಲ್ಲ. ಹುಟ್ಟಿ ಬೆಳೆದದ್ದು ಕುಂದಾಪುರದಲ್ಲಿ, ಸಮುದ್ರವನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಅನುಮಾನವಿತ್ತು.

ಅನುಮಾನ ಪಡುವುದೇ ನನ್ನ ಉದ್ಯೋಗವಾಗಿತ್ತು. ದೆಹಲಿಯ ಒಂದು ಸರ್ಕಾರಿ ಕಚೇರಿಯ ವಿಜಿಲೆನ್ಸ್ ವಿಭಾಗದಲ್ಲಿ, ಎಂದರೆ ನೌಕರರ ಮೇಲೆ ಬರುವ ದೂರುಗಳನ್ನು ವಿಚಾರಿಸುವ ಕಡೆ, ನಿವೃತ್ತಿಯ ದಿನದವರೆಗೂ ಕೂತಿದ್ದೆ. ಈಗ ದೆಹಲಿಯದೇ ಬಡಾವಣೆಯಾದ ದ್ವಾರಕಾದ ಸೊಸೈಟಿಯಲ್ಲಿ ವಿಚಾರಿಸಲು ಯಾರೂ ಸಿಗುವುದಿಲ್ಲ. ತರಕಾರಿ ಭಯ್ಯಾನ ತಕ್ಕಡಿಯನ್ನು ನೋಡಿ ನೋಡಿ ಅವನೇ ನನ್ನ ಬಾಗಿಲಿಗೆ ಬರುವುದನ್ನು ನಿಲ್ಲಿಸಿದ್ದಾನೆ.

ನಿಧಿ ಅದೇ ದೆಹಲಿಯ ಮುನಿರ್ಕಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹತ್ತಿರದ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಯಾವ ಜೀವಿ ಭೂಮಿಯ ಮೇಲೆ ಎಲ್ಲಿದೆ, ಯಾಕೆ ಅಲ್ಲೇ ಇದೆ, ಪಕ್ಕದ ಊರಲ್ಲಿ ಯಾಕಿಲ್ಲ ಎನ್ನುವುದು ಅವಳ ವಿಷಯ; ಅದರಲ್ಲೂ ಹಕ್ಕಿಗಳು. ಭಾನುವಾರ ಊಟಕ್ಕೆ ಬಂದಾಗ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಾಳೆ, ನಗುತ್ತಾಳೆ. ಆ ಕಡೆ ಇರುವವರು ಯಾರೆಂದರೆ "ಪಾಕ್ ಹಮ್ದಿ" ಎನ್ನುತ್ತಾಳೆ.

"ಪಾಕ್ ಅಂದ್ರೇನೇ?"

"ಅಲ್ಲಿ ಸರ್ ಅಂತಾರಲ್ಲ ಹಾಗೆ, ಅಮ್ಮ. ನನ್ನ ಫೀಲ್ಡ್ ಅಸಿಸ್ಟೆಂಟ್. ದಾರಿ ತೋರಿಸ್ತಾರೆ, ಜನರ ಹತ್ರ ಮಾತಾಡಿ ಅನುವಾದ ಮಾಡ್ತಾರೆ. ಬಸ್, ಇಷ್ಟೇ."

ಇಷ್ಟೇ ಎಂದು ಹೇಳುವವರ ಕಡತವನ್ನೇ ನಾನು ಮೊದಲು ತೆರೆಯುತ್ತಿದ್ದದ್ದು. ಸಹಾಯಕನ ಜೊತೆ ಇಷ್ಟು ನಗುವುದೇನಿದೆ? ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, "ಹೋಗಿ ಬಾ. ಅವಳು ಹಕ್ಕಿ ನೋಡ್ಲಿ, ನೀನು ಅವಳನ್ನ ನೋಡು," ಎಂದರು.

ಬಾಲಿಯ ವಿಮಾನ ನಿಲ್ದಾಣ

ಅಲ್ಲಿ ಇಳಿದ ಕೂಡಲೇ ನನ್ನ ಚೀಲ ಸಿಕ್ಕಿಬಿತ್ತು. ಒಳಗೆ ಹುರುಳಿಕಾಳು, ಒಣಮೆಣಸು, ಪೇಪರಿನಲ್ಲಿ ಸುತ್ತಿದ ಕರಿಬೇವು ಇದ್ದವು. ಕೌಂಟರಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಎಳೆಯ ಅಧಿಕಾರಿಣಿ ಕೈಗವಸು ಹಾಕಿಕೊಂಡು ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ಬೆನ್ನು ನೋಡತೊಡಗಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

"ಏನು ಹುಡುಕ್ತಾಳೆ ಇವಳು?"

"ಹುಳದ ಮೊಟ್ಟೆ," ಎಂದಳು ನಿಧಿ. "ದ್ವೀಪ ಅಲ್ವಾ ಅಮ್ಮ. ಒಂದು ಹೊಸ ಹುಳ ಬಂದ್ರೆ ಇಲ್ಲಿ ಅದನ್ನ ತಿನ್ನೋವ್ರು ಯಾರೂ ಇರಲ್ಲ. ಎಲ್ಲಾ ತೋಟ ಖತಂ. ನಮ್ಮ ದೆಹಲಿಯಲ್ಲಿ ವಿಲಾಯತಿ ಕೀಕರ್ ಜಾಲಿ ಇದೆಯಲ್ಲ, ಅದೂ ಯಾರೋ ಅಮೆರಿಕಾ ಕಡೆಯಿಂದ ತಂದಿದ್ದೇ. ಈಗ ಗುಡ್ಡ ಪೂರ್ತಿ ಅದೇ."

ದೆಹಲಿಗೆ ಬಂದ ದಿನದಿಂದ ಆ ಮುಳ್ಳುಗಿಡವನ್ನು ನಾನು ಅಲ್ಲಿಯದೇ ಎಂದುಕೊಂಡಿದ್ದೆ. ಯಾರು ತಂದರು, ಯಾಕೆ ತಂದರು ಎಂದು ಕೇಳಿರಲಿಲ್ಲವಲ್ಲ ಎಂದು ನನಗೇ ಸ್ವಲ್ಪ ನಾಚಿಕೆಯಾಯಿತು. ಅಧಿಕಾರಿಣಿ ಕರಿಬೇವು, ಹುರುಳಿ ಎರಡನ್ನೂ ಇಟ್ಟುಕೊಂಡು ರಸೀದಿ ಕೊಟ್ಟಳು. ರಾತ್ರಿ ಅವಳ ಮನೆಯಲ್ಲಿ ಹುರುಳಿ ಸಾರಾಗಬಹುದು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಎಲೆಯ ಬೆನ್ನು ನೋಡುವವಳ ಮೇಲೆ ಗೌರವವೂ ಹುಟ್ಟಿತು.

ಪೂರ್ವ ತೀರದ ಹಳ್ಳಿ

ಬಾಲಿಯ ಪೂರ್ವ ತುದಿಯ ಆ ಹಳ್ಳಿಗೆ ತಲುಪುವಾಗ ಮಧ್ಯಾಹ್ನವಾಗಿತ್ತು. ಹಮ್ದಿ ರಸ್ತೆಯಲ್ಲೇ ನಿಂತಿದ್ದರು. ಐವತ್ತು ದಾಟಿದ ಮನುಷ್ಯ. ನರೆತ ಮೀಸೆ, ದಾರ ಕಟ್ಟಿ ಕೊರಳಿಗೆ ತೂಗಿಬಿಟ್ಟ ಓದುವ ಕನ್ನಡಕ. ದೆಹಲಿಯಿಂದ ಹೊತ್ತು ತಂದಿದ್ದ ಅನುಮಾನ ಅಲ್ಲೇ ಮುಗಿಯಿತು. ಆದರೆ ನನ್ನಲ್ಲಿ ಒಂದು ಹೋದರೆ ಆ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಈತ ನಿಧಿಯನ್ನು ಮಾತಾಡಿಸುವಾಗ ನಗುತ್ತಿದ್ದರು. ನಾನು ನೋಡಿದರೆ ನೆಲ ನೋಡುತ್ತಿದ್ದರು.

ಆ ಊರಿನವರು "ಇಲ್ಲ" ಎನ್ನುವುದಿಲ್ಲ. "ಬೆಲುಮ್" ಎನ್ನುತ್ತಾರೆ, "ಇನ್ನೂ ಇಲ್ಲ" ಎಂದು ಅರ್ಥ. ಮದುವೆಯಾಗಿದೆಯೇ ಎಂದರೆ ಎಪ್ಪತ್ತು ವರ್ಷದ ಒಂಟಿ ಮುದುಕನೂ ಬೆಲುಮ್ ಎಂದ. ದೆಹಲಿಗೆ ಬಂದಿದ್ದೀರಾ ಎಂದರೂ ಬೆಲುಮ್. ನಮ್ಮ ಕಚೇರಿಯವರಿಗೆ ಈ ಪದ ಸಿಕ್ಕಿದ್ದರೆ ಒಂದು ವಿಚಾರಣೆಯೂ ಮುಗಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಿಧಿ ನನ್ನನ್ನು ಊರ ಹೊರಗಿನ ಬೂರುಗದ ಮರದ ಕಡೆ ಕರೆದೊಯ್ದಳು. ದಾರಿಯಲ್ಲಿ ಎಲ್ಲಿಂದಲೋ "ಟುಕ್ ಟುಕ್ ಟುಕ್" ಎಂದು ಒಂದೇ ಸಮನೆ ಕೇಳಿತು. ಕುಂದಾಪುರದಲ್ಲೂ ಅದೇ ಸದ್ದು, ದ್ವಾರಕಾದ ಪಾರ್ಕಿನಲ್ಲೂ ಅದೇ.

"ಇದು ನಮ್ಮ ಕುಟ್ರುಹಕ್ಕಿ ಅಲ್ವೇನೇ?"

"ಹೌದಮ್ಮ! ಸರಿಯಾಗಿ ಕೇಳಿಸ್ಕೋ. ನಾಳೆ ಹಡಗು ಹತ್ತಿ ಎದುರಿನ ಲೊಂಬೊಕ್‌ಗೆ ಹೋದ್ರೆ ಇದು ಇರಲ್ಲ. ಇಂಡಿಯಾದಿಂದ ಇಲ್ಲಿ ತನಕ ಬಂದಿದೆ, ಇಲ್ಲಿಗೆ ಸ್ಟಾಪ್."

ಎದುರಿಗೆ ನೀರಿನಾಚೆ ಲೊಂಬೊಕ್‌ನ ಬೆಟ್ಟ ಕಾಣುತ್ತಿತ್ತು. ಹಾರುವ ಹಕ್ಕಿಗೆ ಅಷ್ಟು ದೂರ ಯಾವ ಲೆಕ್ಕ? ಇದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸಿತು. ನಿಧಿ ಮರಳಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಳು. ಹಿಂದೆ ಹಿಮಯುಗದಲ್ಲಿ ನೀರೆಲ್ಲ ಹಿಮಗಡ್ಡೆಯಾಗಿ ಸಮುದ್ರ ಇಳಿದಾಗ ಬಾಲಿ, ಜಾವಾ ಎಲ್ಲವೂ ಏಷ್ಯಾದ ನೆಲಕ್ಕೇ ಅಂಟಿಕೊಂಡಿದ್ದವಂತೆ. ಹುಲಿ ನಡೆದೇ ಬಾಲಿಗೆ ಬಂತು; ಈಗ ಇಲ್ಲ, ಆಗ ಇತ್ತು. ಆದರೆ ಬಾಲಿಗೂ ಲೊಂಬೊಕ್‌ಗೂ ನಡುವಿನ ಕಡಲು ಎಷ್ಟು ಆಳವೆಂದರೆ ಅದು ಆಗಲೂ ಬತ್ತಲಿಲ್ಲ. ಕಾಡಿನ ಹಕ್ಕಿಗಳಿಗೆ ಬಯಲು ನೀರೆಂದರೆ ಅಂಜಿಕೆ. ಅದಕ್ಕೇ ಈಚೆ ದಡದಲ್ಲಿ ನಮ್ಮ ಕಡೆಯ ಹಕ್ಕಿಗಳು, ಆಚೆ ದಡದಿಂದ ಆಸ್ಟ್ರೇಲಿಯಾದ ನೆಂಟರು.

"ಅದಕ್ಕೇ ಈ ಮರ ನನಗೆ ಇಂಪಾರ್ಟೆಂಟ್," ಎಂದು ಅವಳು ಮೇಲೆ ಬೆರಳು ತೋರಿಸಿದಳು.

ಕೊಂಬೆಯ ಮೇಲೆ ಹಾಲಿನಂಥ ಬಿಳಿಯ, ದೊಡ್ಡ ಗಿಳಿ. ತಲೆಯ ಮೇಲೆ ಹಳದಿ ಜುಟ್ಟು. ಕಾಕಟೂ, ಎಂದರೆ ಆಚೆ ದಡದ ಹಕ್ಕಿ. ಹೋದ ವರ್ಷವೂ ಇದೇ ಮರದಲ್ಲಿತ್ತಂತೆ. ತಾನಾಗಿಯೇ ನೀರು ದಾಟಿ ಬಂದಿದ್ದರೆ ಅದು ನಿಧಿಯ ಪ್ರಬಂಧದಲ್ಲಿ ಒಂದು ಅಧ್ಯಾಯ. ಮುಂದಿನ ವಾರ ಡಿಪಾರ್ಟ್‌ಮೆಂಟಿನಲ್ಲಿ ಅದನ್ನು ಮಂಡಿಸುವವಳಿದ್ದಳು. ಅದರ ಬಲದ ಮೇಲೆ ಮುಂದೆ ಎಲ್ಲೋ ಕೆಲಸ ಸಿಗುವ ಆಸೆಯೂ ಇತ್ತು.

"ಯಾರೋ ಸಾಕಿ ಬಿಟ್ಟಿದ್ದಲ್ಲ ಅಂತ ಹೇಗೆ ಹೇಳ್ತೀ?"

"ಅಮ್ಮ, ಅದನ್ನೇ ಮೊದಲು ಚೆಕ್ ಮಾಡಿದ್ದು. ಕಾಲಲ್ಲಿ ಬಳೆ ಇಲ್ಲ. ರೆಕ್ಕೆ ಸವೆದಿಲ್ಲ. ಇಡೀ ಊರು ಸುತ್ತಿ ಕೇಳಿದ್ದೀನಿ, ಯಾರಾದ್ರೂ ಇಂಥ ಹಕ್ಕಿ ಸಾಕಿದ್ರಾ ಅಂತ."

"ಏನಂದ್ರು?"

"ಬೆಲುಮ್."

"ಅವರಂದಿದ್ದು ನಿಂಗೆ ಹೇಳಿದ್ಯಾರು?"

"ಪಾಕ್ ಹಮ್ದಿ. ಅವರೇ ತಾನೆ ಅನುವಾದ ಮಾಡೋದು."

ಎಲ್ಲ ಸಾಕ್ಷಿಗಳ ಮಾತೂ ಒಬ್ಬನ ಬಾಯಿಂದಲೇ ಬಂದಿತ್ತು. ನಾನು ತಿರುಗಿ ನೋಡಿದೆ. ಹಮ್ದಿ ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತು ಮರವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹಕ್ಕಿ ಜುಟ್ಟು ಬಿಚ್ಚಿ ಕುತ್ತಿಗೆ ಬಗ್ಗಿಸಿ ಒಂದು ಸದ್ದು ಮಾಡಿತು. ಮೊದಲು ಎರಡು ಸಣ್ಣ ಗೊರಗೊರ ಸದ್ದು, ಆಮೇಲೆ ಎದೆಯೊಳಗಿಂದ ಎಳೆದು ತಂದಂಥ ಉದ್ದನೆಯದೊಂದು, ಕೊನೆಗೆ ಗಂಟಲು ಸರಿಮಾಡಿಕೊಂಡ ಹಾಗೆ "ಹ್ಹಂ".

ನಿಧಿ ಖುಷಿಯಿಂದ ರೆಕಾರ್ಡರ್ ಎತ್ತಿ ಹಿಡಿದಳು. "ಇದು ಈ ಹಕ್ಕಿಯ ಸ್ಪೆಷಲ್ ಕೂಗು. ಬೇರೆ ಎಲ್ಲೂ ಕೇಳಿಲ್ಲ."

ನಾನು ಕೇಳಿದ್ದೆ. ಸರ್ಕಾರಿ ಆಸ್ಪತ್ರೆಗಳ ಬೆಂಚುಗಳ ಮೇಲೆ, ಚಳಿಗಾಲದ ದೆಹಲಿಯ ಹೊಗೆಯಲ್ಲಿ, ಬಸ್‌ಸ್ಟಾಪುಗಳಲ್ಲಿ. ಅದು ಹಕ್ಕಿಯ ಕೂಗಲ್ಲ. ಶ್ವಾಸಕೋಶ ಕೆಟ್ಟ ಒಬ್ಬ ಮುದುಕನ ಕೆಮ್ಮು.

ಹಡಗಿನಲ್ಲಿ

ನಿಧಿಗೆ ಏನೂ ಹೇಳಲಿಲ್ಲ. ಸಾಕ್ಷಿ ಕೈಗೆ ಸಿಗುವ ಮೊದಲು ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಬದಲಿಗೆ, ಲೊಂಬೊಕ್‌ನಲ್ಲಿ ಹಮ್ದಿಯವರ ತಾಯಿ ಇದ್ದಾರೆಂದು ತಿಳಿದು, ಅವರ ಮನೆಗೆ ಹೋಗಲೇಬೇಕೆಂದು ಹಟ ಹಿಡಿದೆ.

"ಅಮ್ಮ, ಯಾರ ಮನೆಗೂ ಹೀಗೆ ನುಗ್ಗಬಾರದು ಯಾರ್!"

"ಎರಡು ವರ್ಷದಿಂದ ನಿನ್ನನ್ನ ಕಾಡುಮೇಡು ತಿರುಗಿಸ್ತಿದ್ದಾರೆ. ಅವರ ತಾಯಿಗೆ ಒಂದು ನಮಸ್ಕಾರ ಹೇಳಬೇಡ್ವಾ?"

ಹಮ್ದಿ ಬೇಡವೆನ್ನಲಿಲ್ಲ. ಬಹಳ ಹೊತ್ತು ಯೋಚಿಸಿ ಹೂಂ ಎಂದರು. ಆ ಯೋಚನೆಯನ್ನೂ ಗುರುತು ಹಾಕಿಕೊಂಡೆ.

ಹಡಗು ದಡ ಬಿಟ್ಟು ಒಂದು ಗಂಟೆ ಸುಮ್ಮನಿತ್ತು. ಜಲಸಂಧಿಯ ನಡುವೆ ಬಂದಾಗ ನೀರು ಬಣ್ಣ ಬದಲಿಸಿ, ಮೇಲೆ ಅಲೆಯಿಲ್ಲದಿದ್ದರೂ ಒಳಗಿನಿಂದ ಯಾರೋ ದೂಡಿದ ಹಾಗೆ ಹಡಗು ಓಲಾಡತೊಡಗಿತು. ಮೀನುಗಾರರ ಊರಿನವಳೆಂಬ ನನ್ನ ಗರ್ವ ಬೆಳಗಿನ ತಿಂಡಿಯ ಜೊತೆ ಕಟಕಟೆಯಾಚೆ ಹೋಯಿತು. ನಿಧಿ ಒಳಗೆ ನಿದ್ದೆ ಹೋಗಿದ್ದಳು. ನನ್ನ ಬೆನ್ನು ಹಿಡಿದುಕೊಂಡು, ನೀರಿನ ಬಾಟಲಿ ಕೊಟ್ಟವರು ಹಮ್ದಿ. ಸ್ವಲ್ಪ ಸುಧಾರಿಸಿಕೊಂಡ ಕೂಡಲೇ ಕೇಳಿದೆ. ನಮ್ಮಿಬ್ಬರಿಗೂ ಇದ್ದದ್ದು ಅರೆಬರೆ ಇಂಗ್ಲಿಷ್.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ?"

ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. "ಈಗ ಇಲ್ಲ, ಇಬು," ಎಂದರು. ಇಬು ಎಂದರೆ ಅಮ್ಮ. ಅವರು ಬೆಲುಮ್ ಎನ್ನದೆ "ಈಗ ಇಲ್ಲ" ಎಂದದ್ದು ಅದೇ ಮೊದಲು.

ಲೊಂಬೊಕ್

ಕುಟ್ರುಹಕ್ಕಿಯ ಸದ್ದು ನಿಜಕ್ಕೂ ಇರಲಿಲ್ಲ. ಅಷ್ಟು ದಿನ ಕಿವಿಗೆ ಬೀಳದಂತಿದ್ದ ಸದ್ದು, ಇಲ್ಲವಾದಾಗ ಎದ್ದು ಕೇಳಿಸಿತು. ಬಂದರಿನಿಂದ ಹೋಗುವ ದಾರಿಯುದ್ದಕ್ಕೂ ಕಿವಿ ಕೊಟ್ಟೆ. ಮಗಳು ಸುಳ್ಳು ಹೇಳಿರಲಿಲ್ಲ.

ಹಮ್ದಿಯವರ ತಾಯಿ ತಮ್ಮ ಕಿರಿಯ ಮಗಳ ಮನೆಯಲ್ಲಿದ್ದರು. ನನಗಿಂತ ಗಿಡ್ಡ, ಎಲೆಅಡಿಕೆ ಹಾಕಿ ಕೆಂಪಾದ ತುಟಿ. ನನ್ನ ಎರಡೂ ಕೈ ಹಿಡಿದುಕೊಂಡು ಅವರ ಭಾಷೆಯಲ್ಲಿ ಏನೇನೋ ಹೇಳಿದರು. ನಮ್ಮ ಊರಲ್ಲಿ ಮಾಡುವ ಹಾಗೆ ಹಲಸಿನ ಗುಜ್ಜೆಯ ಪಲ್ಯವಿತ್ತು, ಮೆಣಸು ಮಾತ್ರ ನಾಲ್ಕು ಪಟ್ಟು. ನಿಧಿ ಅಂಗಳದಲ್ಲಿ ಮಕ್ಕಳಿಗೆ ದುರ್ಬೀನು ತೋರಿಸುತ್ತಿದ್ದಳು. ಕೈ ತೊಳೆಯಲು ಒಳಗೆ ಹೋದೆ. ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಫೋಟೋ. ಬಾಲಿಯ ಆ ಹಳ್ಳಿಯದೇ ಒಂದು ಜಗಲಿ; ತೆಳ್ಳಗಿನ ಮುದುಕ; ಅವನ ಭುಜದ ಮೇಲೆ ಬಿಳಿ ಹಕ್ಕಿ, ಹಳದಿ ಜುಟ್ಟು.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಹಮ್ದಿ ಬಾಗಿಲಲ್ಲಿ ನಿಂತಿದ್ದರು.

"ನನ್ನ ಅಪ್ಪ," ಎಂದರು.

ಕೇಸು ಗೆದ್ದ ಗಳಿಗೆ ಎಂದರೆ ಇದೇ. ಆದರೆ ಯಾವಾಗಲೂ ಆಗುತ್ತಿದ್ದ ಆ ಸಣ್ಣ ಸಂತೋಷ ನನಗೆ ಆಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳತೊಡಗಿದರು.

ಅಪ್ಪ ದೋಣಿಯವರು. ಪ್ರಾಯದಲ್ಲಿ ಪೂರ್ವದ ದ್ವೀಪವೊಂದರಿಂದ ಮರಿಯನ್ನು ತಂದಿದ್ದರು, ಆಗ ಅವುಗಳನ್ನು ಸಂತೆಯಲ್ಲೇ ಮಾರುತ್ತಿದ್ದರು. ಆಮೇಲೆ ಸಾಕಬಾರದೆಂದು ಕಾನೂನು ಬಂತು. ಅಪ್ಪ ಅದನ್ನು ಒಳಮನೆಗೆ ಸೇರಿಸಿದರು. ಊರಿನವರಿಗೆಲ್ಲ ಗೊತ್ತು, ಯಾರೂ ಹೇಳಲಿಲ್ಲ. ಕೊನೆಯ ವರ್ಷಗಳಲ್ಲಿ ಅಪ್ಪನಿಗೆ ಎದೆರೋಗ. ಅವರು ತೀರಿಹೋದ ಮರುದಿನ ಬೆಳಿಗ್ಗೆ ಒಳಮನೆಯಿಂದ ಕೆಮ್ಮು ಕೇಳಿತು.

"ಅಮ್ಮ ಪ್ರತಿ ಸಲ ಎದ್ದು ಹೋಗಿ ಕೋಣೆಯಲ್ಲಿ ನೋಡುತ್ತಿದ್ದಳು. ಹಕ್ಕಿ ಎಂದು ಗೊತ್ತಿದ್ದರೂ ಹೋಗುತ್ತಿದ್ದಳು. ಕೊನೆಗೆ ತಂಗಿಯ ಮನೆಗೆ ಬಂದುಬಿಟ್ಟಳು. ನಾನು ಕಾಲಿನ ಬಳೆ ಕತ್ತರಿಸಿ ಬಿಟ್ಟೆ. ಅದು ದೂರ ಹೋಗಲಿಲ್ಲ. ನಾನೂ ದಿನಾ ಬೆಳಿಗ್ಗೆ ಮರದ ಹತ್ತಿರ ಹೋಗುತ್ತೇನೆ."

"ನನ್ನ ಮಗಳಿಗೆ ಯಾಕೆ ಹೇಳಲಿಲ್ಲ?"

"ಮೊದಲು ಹೆದರಿ. ಆಮೇಲೆ, ಅವಳ ಮುಖ ನೋಡಿ. ಇಬು, ನಾನೇ ಹೇಳುತ್ತೇನೆ. ಸ್ವಲ್ಪ ಸಮಯ ಕೊಡಿ."

ಇಂಥ ಮಾತು ಎಷ್ಟು ಜನರಿಂದ ಕೇಳಿದ್ದೇನೋ. ಸಮಯ ಕೇಳುವವರು ಕಾಗದ ಸುಡಲು ಕೇಳುತ್ತಾರೆ ಎಂದು ಕಿರಿಯರಿಗೆ ನಾನೇ ಪಾಠ ಹೇಳಿದ್ದೆ. ಆದರೂ, "ಅವಳು ಮಂಡಿಸುವ ದಿನದ ಒಳಗೆ," ಎಂದೆ.

ಮುನಿರ್ಕಾ

ದೆಹಲಿಗೆ ಮರಳಿ ಐದು ದಿನವಾದರೂ ನಿಧಿಯ ಬಾಯಿಂದ ಏನೂ ಬರಲಿಲ್ಲ. ಫೋನ್ ಮಾಡಿದರೆ "ಸ್ಲೈಡ್ಸ್ ಮಾಡ್ತಿದ್ದೀನಿ" ಎನ್ನುತ್ತಿದ್ದಳು. ಹಮ್ದಿ ನನಗೆ ಟೋಪಿ ಹಾಕಿದರು ಎಂದು ನಿಶ್ಚಯವಾಯಿತು. ಕನ್ನಡಕ ಒರೆಸಿಕೊಂಡ ಒಬ್ಬ ಗಂಡಸಿನ ಮಾತು ನಂಬಿ ಮಗಳನ್ನು ಹತ್ತಾರು ಪ್ರೊಫೆಸರುಗಳ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದೆನಲ್ಲ ಎಂದು ಊಟ ಸೇರಲಿಲ್ಲ. ಮಂಡನೆಯ ದಿನ ಬೆಳಿಗ್ಗೆ ಮೆಟ್ರೋ ಹಿಡಿದೆ.

ಮುನಿರ್ಕಾದ ಗಲ್ಲಿಗಳಲ್ಲಿ ಎರಡು ಕಡೆಯ ಬಾಲ್ಕನಿಗಳು ಮೇಲೆ ಒಂದಕ್ಕೊಂದು ತಾಗುವ ಹಾಗಿರುತ್ತವೆ. ನಾಲ್ಕನೆಯ ಮಹಡಿ ಹತ್ತಿ, ಉಸಿರು ಸಿಕ್ಕದೆ, ಬಾಗಿಲಲ್ಲೇ ಹೇಳಿಬಿಟ್ಟೆ:

"ನಿಧಿ, ಆ ಹಕ್ಕಿ ಹಾರಿ ಬಂದದ್ದಲ್ಲ. ಹಮ್ದಿಯವರ ಅಪ್ಪ ಸಾಕಿದ್ದು."

ಅವಳು ಬಾಗಿಲು ಹಿಡಿದು ನಿಂತಳು. "ಗೊತ್ತು. ಬಾಲಿ ಏರ್‌ಪೋರ್ಟಲ್ಲೇ ಹೇಳಿದ್ರು, ನೀನು ವಾಶ್‌ರೂಮ್‌ಗೆ ಹೋಗಿದ್ದಾಗ. ನಿಂಗೂ ಗೊತ್ತು ಅಂತಾನೂ ಹೇಳಿದ್ರು."

"ಮತ್ತೆ ನೀನ್ಯಾಕೆ ಸುಮ್ಮನಿದ್ದೆ?"

"ನೀನು ಯಾವಾಗ ಹೇಳ್ತೀಯಾ ಅಂತ ಕಾಯ್ತಿದ್ದೆ." ಅವಳ ಕಣ್ಣು ತುಂಬಿತ್ತು. "ಆರು ದಿನ, ಅಮ್ಮ. ಚಿಕ್ಕಂದಿನಿಂದ ನನ್ನ ಬ್ಯಾಗು, ಫೋನು, ಫ್ರೆಂಡ್ಸು ಎಲ್ಲಾ ಚೆಕ್ ಮಾಡಿದ್ದೀಯ. ಸತ್ಯ ಹೇಳು ಸತ್ಯ ಹೇಳು ಅಂತ. ನೀನೇ ಮುಚ್ಚಿಟ್ಟೆ."

ಇಪ್ಪತ್ತಾರು ವರ್ಷದಲ್ಲಿ ನನ್ನ ಮಗಳು ನನ್ನನ್ನು ವಿಚಾರಣೆಗೆ ನಿಲ್ಲಿಸಿದ್ದು ಅದೇ ಮೊದಲು. ಸಮಜಾಯಿಷಿಗಳು ಬಹಳ ಇದ್ದವು. ಅಂಥವನ್ನೆಲ್ಲ ತಳ್ಳಿಹಾಕಿಯೇ ನಾನು ಸಂಬಳ ತೆಗೆದುಕೊಂಡದ್ದು.

"ತಪ್ಪಾಯ್ತು," ಎಂದೆ.

ಅವಳು ಹಾಸಿಗೆಯ ಮೇಲಿನ ಬಟ್ಟೆ ಸರಿಸಿ ನನಗೆ ಜಾಗ ಮಾಡಿದಳು. "ಬಾ, ಕೂತ್ಕೋ. ನಾನೂ ಒಂದು ಹೇಳಬೇಕು. ಹೋದ ವರ್ಷ ಆ ಸದ್ದು ಮೊದಲನೇ ಸಲ ಕೇಳಿದಾಗ್ಲೇ ನಂಗೆ ಕೆಮ್ಮು ಅನ್ನಿಸಿತ್ತು. ನೋಟ್‌ಬುಕ್ಕಲ್ಲಿ 'ಒರಟು ಕೂಗು' ಅಂತ ಬರೆದೆ. ಕೆಮ್ಮು ಅಂತ ಬರೆದಿದ್ರೆ ಮುಂದೆ ಕೇಳಬೇಕಾಗ್ತಿತ್ತು. ಅದಕ್ಕೆ ಬರೀಲಿಲ್ಲ."

ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಕೆಳಗೆ ಯಾರೋ ಗಾಡಿಯಲ್ಲಿ ಪಪ್ಪಾಯಿ ಕೂಗಿಕೊಂಡು ಹೋಗುತ್ತಿದ್ದರು. "ಈಗೇನು ಮಾಡ್ತೀ?" ಎಂದೆ. "ಚಲೋ, ಬಂದು ನೋಡು," ಎಂದು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದಳು.

ಡಿಪಾರ್ಟ್‌ಮೆಂಟಿನ ಕೋಣೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತೆ. ನಿಧಿ ನಕಾಶೆ ತೋರಿಸಿದಳು. ಬಾಲಿಯ ಪೂರ್ವ ತುದಿಯಲ್ಲಿದ್ದ ಕೆಂಪು ಚುಕ್ಕೆಯನ್ನು ಎಲ್ಲರ ಮುಂದೆ ಅಳಿಸಿ, ಈ ದಾಖಲೆ ಹಿಂತೆಗೆದುಕೊಳ್ಳುತ್ತಿದ್ದೇನೆ, ಈ ಹಕ್ಕಿಯನ್ನು ಮನುಷ್ಯರು ತಂದದ್ದು ಎಂದಳು. ಊರಿನ ಹೆಸರು ಹೇಳಲಿಲ್ಲ, ಮನುಷ್ಯರದ್ದೂ ಹೇಳಲಿಲ್ಲ. ಒಂದು ವರ್ಷದ ಕೆಲಸ ಅರ್ಧ ನಿಮಿಷದಲ್ಲಿ ಹೋಯಿತು.

ಮುಂದಿನ ಸಾಲಿನಿಂದ ಒಬ್ಬ ಪ್ರೊಫೆಸರು ನಂಬಿಕೆಯಿಲ್ಲದ ಮುಖ ಮಾಡಿ ಕೇಳಿದರು: "ಬಳೆ ಇಲ್ಲ, ರೆಕ್ಕೆ ಸರಿಯಾಗಿದೆ ಅಂತೀರಿ. ಹಾರಿ ಬಂದಿಲ್ಲ ಅನ್ನೋದಕ್ಕೆ ಪುರಾವೆ ಏನು?"

ನಿಧಿ ದೀಪ ಆರಿಸಲು ಹೇಳಿ ರೆಕಾರ್ಡಿಂಗ್ ಹಾಕಿದಳು. ಅಲೆಗಳ ಸದ್ದು. ಎಲೆಗಳ ಸದ್ದು. ಆಮೇಲೆ ಎರಡು ಸಣ್ಣ ಗೊರಗೊರ ಸದ್ದು, ಎದೆಯಿಂದ ಎಳೆದು ತಂದ ಉದ್ದನೆಯದೊಂದು, ಕೊನೆಗೆ "ಹ್ಹಂ".

ಎರಡನೆಯ ಸಲ ಕೆಮ್ಮು ಬಂದಾಗ ಬಾಗಿಲು ತೆರೆಯಿತು. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಡಿಪಾರ್ಟ್‌ಮೆಂಟಿನ ವಯಸ್ಸಾದ ಜವಾನರು ಒಂದು ಲೋಟ ನೀರು ಹಿಡಿದುಕೊಂಡು ಒಳಗೆ ಬಂದು, ಕತ್ತಲಲ್ಲಿ ಸಾಲುಸಾಲಾಗಿ ಎಲ್ಲರ ಮುಖ ಹುಡುಕುತ್ತಾ ಮೆಲ್ಲನೆ ಕೇಳಿದರು:

"ಯಾರಿಗೆ ಸಾಹೇಬ್, ನೀರು?"